ಇವತ್ತು ನನ್ನನ್ನು ಮೇಲೆ ಕಳಿಸಬೇಡಿ

೪ ಫೆಬ್ರವರಿ

ಅಕ್ಕಾ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ಮೂವತ್ತೊಂಬತ್ತು ವರ್ಷದ ಮೇಲೆ ನಿನ್ನ ತಮ್ಮನಿಗೆ ಏನಾಗಿದೆ ಎಂದು ಗೊತ್ತಾಯಿತು. ಹೆದರಬೇಡ, ನಾನು ಬಹಳ ಖುಷಿಯಲ್ಲಿದ್ದೇನೆ.

ಹೋದ ತಿಂಗಳು ಆರಂತಸ್ತಿನ ಒಂದು ಕಟ್ಟಡದಲ್ಲಿ ಲಿಫ್ಟ್ ಸರ್ವಿಸ್ ಮುಗಿಸಿದೆ. ಬಾಗಿಲು ಮುಚ್ಚಿ, ಬೀಗ ಹಾಕಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಮನೆಗೆ ಬಂದೆ. ನನ್ನ ದೊಡ್ಡ ಸ್ಪ್ಯಾನರ್ ಮಾತ್ರ ಲಿಫ್ಟಿನ ತಲೆಯ ಮೇಲೇ ಉಳಿದಿತ್ತು. ವರ್ಷದಲ್ಲಿ ಇದು ಮೂರನೆಯ ಸಲ. ಸೂಪರ್‌ವೈಸರ್ ಬೈಯಲಿಲ್ಲ, ನನಗೆ ಭಯವಾದದ್ದು ಅದಕ್ಕೇ. ಕುರ್ಚಿ ಎಳೆದು ಕೂರಿಸಿ, "ನೋಡಪ್ಪಾ, ನಿನ್ನಂಥ ಕೈ ನಮ್ಮಲ್ಲಿ ಇನ್ನೊಂದಿಲ್ಲ. ಆದ್ರೆ ನಿನ್ನ ತಲೆ ಎಲ್ಲಿರತ್ತೆ ಅಂತಾನೇ ಗೊತ್ತಾಗಲ್ಲ. ಒಂದ್ಸಲ ಡಾಕ್ಟರಿಗೆ ತೋರಿಸು," ಅಂದರು.

ತೋರಿಸಿದೆ. ಎರಡು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಎಡಿಎಚ್‌ಡಿ ಅಂದರು. ಅದು ಮಕ್ಕಳಿಗೆ ಮಾತ್ರ ಇರುವುದು ಎಂದುಕೊಂಡಿದ್ದೆ. ಚಿಕ್ಕಂದಿನಲ್ಲಿ ಶುರುವಾಗಿ, ಮೀಸೆ ಬಂದರೂ ಬಿಡದೆ ಜೊತೆಗೇ ಬರುತ್ತದಂತೆ. ನನಗೆ ಗಮನ ಇಲ್ಲವೆಂದಲ್ಲ ಅಕ್ಕ, ಅದು ನಿಲ್ಲಬೇಕಾದ ಮಹಡಿಯಲ್ಲಿ ನಿಲ್ಲುವುದಿಲ್ಲ, ಅಷ್ಟೇ. ನಾಳೆಯಿಂದ ಮಾತ್ರೆ. ಒಂದು ತಿಂಗಳಾದ ಮೇಲೆ ಮತ್ತೆ ಬಾ ಎಂದಿದ್ದಾರೆ.

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇತ್ತಾ ಎಂದೂ ಕೇಳಿದರು. ಅಪ್ಪನಿಗೆ ಆಗಾಗ ಸೊಂಟ ನೋವು ಬರುತ್ತಿತ್ತು, ಅದು ಬಿಟ್ಟರೆ ನಮ್ಮದೆಲ್ಲ ಕಲ್ಲುಗುಂಡಿನಂಥ ಜನ ಅಂದೆ. ಹಾಗೇ ಅಪ್ಪನ ಬೆರಳಿನ ಕಥೆಯನ್ನೂ ಹೇಳಿಬಿಟ್ಟೆ. ಬಟ್ಟೆ ಗಿರಣಿಯಲ್ಲಿ ಒಬ್ಬನ ತೋಳು ಮೆಷಿನ್ನಿಗೆ ಸಿಕ್ಕಿದಾಗ ಅಲ್ಲಿ ಫಿಟ್ಟರ್ ಆಗಿದ್ದ ಅಪ್ಪ ತಮ್ಮ ಕೈ ಒಳಗೆ ತೂರಿಸಿ, ಎರಡು ಬೆರಳು ಕೊಟ್ಟು ಅವನ ಜೀವ ಉಳಿಸಿದ್ದನ್ನು. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆ ಕಥೆ ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಕಾಗದ ಯಾಕೆ, ಫೋನ್ ಮಾಡಬಾರದಾ ಎಂದು ನನ್ನ ಹೆಂಡತಿ ನಗುತ್ತಾಳೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ ಇಬ್ಬರಿಗೂ ಏನೂ ಕೇಳಿಸುವುದಿಲ್ಲ ಎಂದು ಅವಳಿಗೇನು ಗೊತ್ತು! ಆಮೇಲೆ ಇನ್ನೊಂದು ವಿಷಯ ಹೇಳಬೇಕೆಂದಿದ್ದೆ, ಮರೆತೆ.

ನಿನ್ನ ಪಾದರಸ


೧೯ ಫೆಬ್ರವರಿ

ನನ್ನ ಪಾದರಸಕ್ಕೆ,

ಡಾಕ್ಟರಿಗೆ ಎರಡು ಗಂಟೆ ಬೇಕಾಯಿತೇ? ನನ್ನನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಒಂದನೆಯ ತರಗತಿಯಲ್ಲಿ ನೀನು ಎರಡು ಕಾಲಿಗೂ ಎಡಗಾಲಿನ ಬೂಟು ಹಾಕಿಕೊಂಡು ಹೋಗಿದ್ದೆ, ಸಂಜೆಯವರೆಗೂ ಗೊತ್ತಾಗಿರಲಿಲ್ಲ. ನಲ್ಲಿ ತಿರುಗಿಸಿ ಬಕೆಟ್ ತರಲು ಹೋದವನು ಪಕ್ಕದ ಮನೆಯ ನಾಯಿಯ ಜೊತೆ ಓಡುತ್ತಿದ್ದೆ. ಬಚ್ಚಲಿನ ನೀರು ಅಡುಗೆಮನೆಗೆ ಬಂದಿತ್ತು.

ಯಾವ ಮೆಷಿನ್ ಬಂದರೂ ಬಿಚ್ಚುವ ಮೊದಲು ಅಪ್ಪ ಎರಡು ಪ್ರಶ್ನೆ ಕೇಳುತ್ತಿದ್ದರಲ್ಲ, "ಯಾವಾಗಿನಿಂದ? ಯಾವಾಗ್ಲೂನಾ, ಆಗಾಗ್ಗೆನಾ?" ಎಂದು. ನಿನ್ನ ವಿಷಯದಲ್ಲಿ ಉತ್ತರ ಸುಲಭ. ಹುಟ್ಟಿದಾಗಿನಿಂದ, ಯಾವಾಗಲೂ.

ನಿನ್ನನ್ನು ಸೋಮಾರಿ, ಬೇಜವಾಬ್ದಾರಿ ಎಂದವರೆಲ್ಲ ಈಗ ಬಾಯಿ ಮುಚ್ಚಿಕೊಳ್ಳಲಿ. ಅವರಲ್ಲಿ ನಾನೂ ಒಬ್ಬಳು, ಅದಕ್ಕೆ ನಾಚಿಕೆಯಾಗುತ್ತಿದೆ. ಇಷ್ಟು ಚಂಚಲ ತಲೆ ಇಟ್ಟುಕೊಂಡು ಹದಿನಾರು ವರ್ಷ ಒಬ್ಬರಿಗೂ ಏನೂ ಆಗದ ಹಾಗೆ ಲಿಫ್ಟುಗಳನ್ನು ನೋಡಿಕೊಂಡಿದ್ದೀಯಲ್ಲ, ನನಗೆ ಹೆಮ್ಮೆ ಅನಿಸುತ್ತದೆ.

ಅಪ್ಪನ ಬೆರಳಿನ ಕಥೆ ಡಾಕ್ಟರಿಗೆ ಯಾಕೆ ಬೇಕಿತ್ತು? ಹೋದವರ ಮಾತು ಬಿಡು. ನಿನ್ನದು ನೋಡಿಕೋ.

ಇಲ್ಲಿ ಅಣೆಕಟ್ಟಿನಲ್ಲಿ ಇನ್ನೂ ನೀರಿದೆ, ನಮ್ಮ ವಿದ್ಯುತ್ ಕೇಂದ್ರದ ನಾಲ್ಕೂ ಟರ್ಬೈನ್ ತಿರುಗುತ್ತಿವೆ. ನನ್ನ ಪಾಳಿ ಶುರುವಾಗುವ ಹೊತ್ತಾಯಿತು.

ಅಕ್ಕ


೧೨ ಮಾರ್ಚ್

ಅಕ್ಕಾ ಅಕ್ಕಾ,

ಮಾತ್ರೆ ಅಂದರೆ ಇದು! ಮೊದಲ ಎರಡು ವಾರ ಬರೀ ಶಾಂತಿ. ಒಂದು ಕೆಲಸ ಹಿಡಿದರೆ ಮುಗಿಯುವವರೆಗೂ ಅದೇ ಕೆಲಸ. ಮಗಳ ಸೈಕಲ್, ಅಡುಗೆಮನೆಯ ಕಪಾಟು, ಎರಡು ವರ್ಷದಿಂದ ಸೋರುತ್ತಿದ್ದ ನಲ್ಲಿ, ಎಲ್ಲ ಮುಗಿಸಿದೆ. ಈಗ ಅದಕ್ಕಿಂತಲೂ ಮೇಲೆ ಹೋಗಿದ್ದೇನೆ. ಮೂರು ಗಂಟೆ ಮಲಗಿದರೆ ಸಾಕು, ಎದ್ದಾಗ ಮೈಯಲ್ಲಿ ಆನೆ ಬಲ. ಹಿಂದೆ ನಿದ್ದೆ ಬಾರದಿದ್ದರೆ ಮಾರನೆಯ ದಿನ ಹೆಣದ ಹಾಗಿರುತ್ತಿದ್ದೆ, ಈಗ ದಣಿವು ಅಂದರೇನೆಂದೇ ಮರೆತುಹೋಗಿದೆ.

ಒಂದು ವಾರದಲ್ಲಿ ಹದಿನಾಲ್ಕು ಲಿಫ್ಟ್ ಸರ್ವಿಸ್! ಇಬ್ಬರು ಮಾಡುವ ಕೆಲಸ. ಜೊತೆಗಾರರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನನ್ನ ತಲೆಯಲ್ಲೊಂದು ಯೋಜನೆ ಇದೆ. ಒಂದು ಬೀದಿಯ ಎಲ್ಲ ಲಿಫ್ಟುಗಳೂ ಒಂದಕ್ಕೊಂದು ಮಾತಾಡಬೇಕು, ಯಾವುದರಲ್ಲಿ ಜನ ಹೆಚ್ಚು, ಯಾವುದು ಖಾಲಿ, ಎಲ್ಲ ಒಂದೇ ಕಡೆ ತಿಳಿಯಬೇಕು. ಇದನ್ನು ಇಷ್ಟು ದಿನ ಯಾರೂ ಯೋಚಿಸಿಲ್ಲ ಎಂದರೆ ನಂಬುತ್ತೀಯಾ? ನನಗೆ ಮಾತ್ರ ಕಾಣಿಸುತ್ತಿದೆ. ಇದರ ಜೊತೆಗಿರುವ ಹದಿಮೂರು ಪುಟ ಪೂರ್ತಿ ಅದರದೇ ನಕ್ಷೆ, ಲೆಕ್ಕ. ಹೆಂಡತಿ ಸ್ವಲ್ಪ ನಿಧಾನಿಸಿ ಅನ್ನುತ್ತಾಳೆ, ಅವಳು ಹುಟ್ಟಿದ್ದೇ ನಿಧಾನವಾಗಿ.

ಡಾಕ್ಟರ್ ಬಳಿ ಹೋಗುವ ದಿನ ದಾಟಿತು. ಹೋಗಬೇಕಾ? ಗುಣವಾದವನು ಆಸ್ಪತ್ರೆಯಲ್ಲಿ ಕೂತು ಏನು ಮಾಡಲಿ?

ನಿನ್ನ ತಮ್ಮ, ಹದಿನಾಲ್ಕು ಲಿಫ್ಟಿನ ಸರದಾರ


೨೪ ಮಾರ್ಚ್

ಸರದಾರರಿಗೆ ನಮಸ್ಕಾರ,

ನಿನ್ನ ಕಾಗದವನ್ನು ಟರ್ಬೈನ್ ಹಾಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಫೋರ್‌ಮನ್, "ನಿಮ್ಮ ತಮ್ಮನ್ನ ಇಲ್ಲಿಗೆ ಕರ್ಕೊಂಡು ಬನ್ನಿ ಮೇಡಂ, ನಾವೆಲ್ಲ ರಜಾ ಹಾಕ್ತೀವಿ," ಅಂದ. ಹದಿನಾಲ್ಕು ಪುಟ ಬರೆದಿದ್ದೀಯ! ಇಷ್ಟು ವರ್ಷ ನಿನ್ನಿಂದ ಎರಡು ಪುಟ ಬಂದರೆ ಹಬ್ಬ ಅಂದುಕೊಳ್ಳುತ್ತಿದ್ದೆ. ನೀನು ಕೊನೆಗೂ ನಿನ್ನ ಪೂರ್ತಿ ವೇಗಕ್ಕೆ ಬಂದೆ. ಅಮ್ಮ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದರು.

ಡಾಕ್ಟರ್ ವಿಷಯ ಕೇಳಿದ್ದೀಯ. ಓಡುತ್ತಿರುವ ಮೆಷಿನ್ನಿಗೆ ಕೈ ಹಾಕಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಚೆನ್ನಾಗಿ ಓಡುತ್ತಿದ್ದೀಯ, ಇರುವುದನ್ನು ಯಾಕೆ ಕೆದಕಿಸಿಕೊಳ್ಳುತ್ತೀಯ? ಬಿಡುವಾದಾಗ ಹೋದರಾಯಿತು.

ಹೊಟ್ಟೆಗೆ ಮಾತ್ರ ಹೊತ್ತು ಹೊತ್ತಿಗೆ ಹಾಕು.

ಅಕ್ಕ


೧ ಏಪ್ರಿಲ್

ಅಕ್ಕ, ಪುರುಸೊತ್ತಿಲ್ಲ. ಒಂಬತ್ತು ಕಟ್ಟಡ ನನ್ನ ಕೈಯಲ್ಲಿ. ಸೂಪರ್‌ವೈಸರಿಗೆ ಹೊಟ್ಟೆಕಿಚ್ಚು, ಅವರಿಗೆ ಹೇಳಿಲ್ಲ. ಅಪ್ಪ ಕೈಯಿಂದ ಮಾಡಿದ್ದನ್ನು ನಾನು ತಲೆಯಿಂದ ಮಾಡುತ್ತೇನೆ. ಬ್ರೇಕ್ ಎಲ್ಲ ಹೇಡಿಗಳಿಗೆ. ನಾಳೆ ನೋಡು!


೧೮ ಏಪ್ರಿಲ್

ಮುದ್ದು ತಮ್ಮಾ,

ಆಸ್ಪತ್ರೆಯ ವಾರ್ಡಿನಲ್ಲಿ ನಿನ್ನ ಪಕ್ಕ ಮೂರು ದಿನ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ನಿನಗೆ ಎಷ್ಟು ನೆನಪಿದೆಯೋ ತಿಳಿಯದು. ಅದಕ್ಕೇ ನಡೆದದ್ದನ್ನು ಬರೆಯುತ್ತೇನೆ, ಬೇರೆ ಯಾರಿಂದಲೋ ಬಣ್ಣ ಕಟ್ಟಿಸಿಕೊಂಡು ಕೇಳಬೇಡ.

ಎರಡನೆಯ ತಾರೀಖು ಬೆಳಿಗ್ಗೆ ನಿನ್ನ ಹೆಂಡತಿ ಫೋನ್ ಮಾಡಿದಳು. ಏಳಂತಸ್ತಿನ ಕಟ್ಟಡವೊಂದರಲ್ಲಿ ನೀನು ಲಿಫ್ಟಿನ ತಲೆಯ ಮೇಲೆ ಸುರಕ್ಷತಾ ಬೆಲ್ಟಿಲ್ಲದೆ ನಿಂತು, ಅದನ್ನು ಮೇಲೆ ಕೆಳಗೆ ಓಡಿಸುತ್ತಾ, ತೆರೆದ ಬಾಗಿಲುಗಳಲ್ಲಿ ನಿಂತ ಜನಕ್ಕೆ ಭಾಷಣ ಮಾಡುತ್ತಿದ್ದೆಯಂತೆ. ಸೂಪರ್‌ವೈಸರ್ ಮೆಟ್ಟಿಲು ಹತ್ತಿಕೊಂಡು ಹೋಗಿ ಮೈನ್ ಆಫ್ ಮಾಡಿದರು. ಆಮೇಲೆ ಲಿಫ್ಟ್ ಓಡಾಡುವ ಆ ಕತ್ತಲೆಯ ಶಾಫ್ಟಿನ ಅಂಚಿನಲ್ಲಿ ಎರಡು ಗಂಟೆ ಕೂತು, ನೀನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ನಿನ್ನನ್ನು ಕೆಳಗಿಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ನಿನ್ನ ಮೆಷಿನ್ ರೂಮಿನ ಬೀಗದ ಕೈಗಳನ್ನು ಅವರು ತೆಗೆದಿಟ್ಟುಕೊಂಡಿದ್ದಾರೆ.

ಡಾಕ್ಟರ್ ಬಳಿ ಹೋಗಬೇಡ ಎಂದು ಬರೆದವಳು ನಾನು. ಓಡುತ್ತಿರುವ ಮೆಷಿನ್ ಎಂದೆ. ವೇಗ ಮಿತಿ ಮೀರಿದ ಟರ್ಬೈನಿನ ಸದ್ದನ್ನು ಗೋಡೆಯಾಚೆಯಿಂದ ಗುರುತು ಹಿಡಿಯುತ್ತೇನೆ, ಆ ಹದಿನಾಲ್ಕು ಪುಟದಲ್ಲಿ ಅದು ನನಗೆ ಕೇಳಿಸಲಿಲ್ಲ. ಹೆಮ್ಮೆಯಲ್ಲಿ ಕಿವುಡಿಯಾಗಿದ್ದೆ. ನನ್ನನ್ನು ಕ್ಷಮಿಸು.

ವಾರ್ಡಿನ ಡಾಕ್ಟರಮ್ಮ ನನ್ನನ್ನೂ ಕರೆದು ಕೇಳಿದರು. ಹೇಳಬೇಕಾದ್ದನ್ನು ಹೇಳಿದ್ದೇನೆ. ನೀನು ಮಲಗು, ಮಾತ್ರೆ ತೆಗೆದುಕೋ.

ಅಕ್ಕ


೨೮ ಮೇ

ಅಕ್ಕ,

ಮನೆಗೆ ಬಂದು ಎರಡು ವಾರವಾಯಿತು. ಬರೆಯಲು ಕೈ ಏಳುವುದಿಲ್ಲ. ಇದನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿದರೆ ದೊಡ್ಡ ಕೆಲಸ ಮಾಡಿದ ಹಾಗೆ. ಮಗಳು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾಳೆ.

ಮೊದಲ ಡಾಕ್ಟರ್ ಎಡಿಎಚ್‌ಡಿ ಅಂದರು. ವಾರ್ಡಿನ ಡಾಕ್ಟರಮ್ಮ ಬೈಪೋಲಾರ್ ಅನ್ನುತ್ತಾರೆ, ಮನಸ್ಸು ವಾರಗಟ್ಟಲೆ ಮೇಲಕ್ಕೇರಿ ಆಮೇಲೆ ಪಾತಾಳಕ್ಕಿಳಿಯುವ ಕಾಯಿಲೆ. ಎಡಿಎಚ್‌ಡಿ ಇದೆಯೋ ಇಲ್ಲವೋ, ಬಹುಶಃ ಮೊದಲಿಂದಲೂ ಎಲ್ಲ ಇದೇ ಇರಬಹುದು ಎಂದರು. ಹೆಚ್ಚು ಮಾತು, ಕೂತಲ್ಲಿ ಕೂರಲಾರದ್ದು, ಅರ್ಧಕ್ಕೆ ಬಿಡುವುದು, ಎರಡರಲ್ಲೂ ಇರುತ್ತದಂತೆ. ಯಾವುದೆಂದು ಖಚಿತವಾಗದೆ ಸರಿಯಾದ ಔಷಧ ಕೂಡುವುದಿಲ್ಲ. ಔಷಧ ಕೂಡದೆ ಕಂಪನಿಯ ಡಾಕ್ಟರ್ ಸಹಿ ಹಾಕುವುದಿಲ್ಲ. ಸಹಿ ಇಲ್ಲದೆ ಬೀಗದ ಕೈ ಇಲ್ಲ. ಅಕ್ಕ, ಆ ಕೆಲಸ ಹೋದರೆ ನಾನು ಯಾರು ಎಂದೇ ನನಗೆ ಗೊತ್ತಿಲ್ಲ.

ಇನ್ನೊಂದು ಹೆದರಿಕೆ. ನಿನ್ನನ್ನು ನಗಿಸುತ್ತಿದ್ದ ಪಾದರಸ ನಾನೋ, ಕಾಯಿಲೆಯೋ?

ಡಾಕ್ಟರಮ್ಮನ ಪ್ರಶ್ನೆ ಎರಡು. ಚಿಕ್ಕಂದಿನಲ್ಲಿ ನಾನು ಹೇಗಿದ್ದೆ, ಯಾವಾಗಲೂ ಹಾಗೇ ಇದ್ದೆನೋ, ಬಂದು ಹೋಗುತ್ತಿತ್ತೋ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೋ. ನೀನು ಇಲ್ಲವೆಂದು ಹೇಳಿದ್ದೀಯಂತೆ. ಇನ್ನೊಮ್ಮೆ ಯೋಚಿಸಿ ಬರೆ. ನನಗಿಂತ ಹತ್ತು ವರ್ಷ ದೊಡ್ಡವಳು ನೀನು, ನಾನು ನೋಡದ್ದನ್ನೂ ನೋಡಿದ್ದೀಯ.

ತಮ್ಮ


೨೦ ಜೂನ್

ಅಕ್ಕ, ಮೂರು ವಾರ ಕಳೆಯಿತು. ನಿನ್ನ ಉತ್ತರ ಬಂದಿಲ್ಲ. ನೀನು ಕಾಗದಕ್ಕೆ ತಡ ಮಾಡಿದವಳಲ್ಲ. ಬೇಜಾರಾಗಿದೆಯಾ? ಹುಚ್ಚನಿಗೆ ಏನು ಬರೆಯುವುದು ಎಂದುಕೊಂಡೆಯಾ?


೨ ಜುಲೈ

ನನ್ನ ತಮ್ಮನಿಗೆ,

ಆ ಪದವನ್ನು ಇನ್ನೊಮ್ಮೆ ಬರೆದರೆ ಬಂದು ಕಿವಿ ಹಿಂಡುತ್ತೇನೆ, ನಲವತ್ತಾದರೂ ಬಿಡುವುದಿಲ್ಲ.

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಸುತ್ತಿ ಬಳಸದೆ ಹೇಳುತ್ತೇನೆ. ಅಪ್ಪ ಅಂದು ಯಾರ ಜೀವವನ್ನೂ ಉಳಿಸಲಿಲ್ಲ.

ನಿನಗೆ ಐದು ವರ್ಷ, ನನಗೆ ಹದಿನೈದು. ಅದಕ್ಕೆ ಮುಂಚಿನ ಎರಡು ವಾರದಲ್ಲಿ ಅಪ್ಪ ಮನೆಯ ಹೊಲಿಗೆ ಯಂತ್ರ, ಗಡಿಯಾರ, ರೇಡಿಯೊ ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಹರಡಿದ್ದರು. ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ದಣಿವಿರಲಿಲ್ಲ, ಹಾಡುತ್ತಿದ್ದರು. ನೀನು ಅವರ ಹೆಗಲ ಮೇಲೆ ಕೂತು ಕೇಕೆ ಹಾಕುತ್ತಿದ್ದೆ. ಐದನೆಯ ದಿನ ಬೆಳಗಿನ ಪಾಳಿಯಲ್ಲಿ, ಮೆಷಿನ್ ನಿಲ್ಲಿಸದೆಯೇ ಅದರ ವೇಗ ಎರಡರಷ್ಟು ಮಾಡಿ ತೋರಿಸುತ್ತೇನೆ ಎಂದು ತಿರುಗುತ್ತಿರುವ ಹಲ್ಲುಚಕ್ರದೊಳಗೆ ಕೈಯಿಟ್ಟರು. ಅಲ್ಲಿ ಯಾರ ತೋಳೂ ಸಿಕ್ಕಿರಲಿಲ್ಲ.

ತೋಳಿನ ಕಥೆ ಕಟ್ಟಿದವರು ಅವರ ಜೊತೆಗಾರರು. ಇದ್ದದ್ದು ಇದ್ದ ಹಾಗೆ ಬರೆದರೆ ಅಪ್ಪನ ಕೆಲಸ ಹೋಗುತ್ತಿತ್ತು. ಅಪಘಾತದ ಪುಸ್ತಕದಲ್ಲಿ ಫೋರ್‌ಮನ್ ಹಾಗೆ ಬರೆದ, ಒಬ್ಬ ಕೆಲಸಗಾರ ತನ್ನ ತೋಳೇ ಸಿಕ್ಕಿತ್ತೆಂದು ಸಹಿ ಹಾಕಿದ. ಅಷ್ಟು ಜನ ಒಬ್ಬ ಮನುಷ್ಯನಿಗಾಗಿ ಸುಳ್ಳು ಹೇಳಿದರೆಂದರೆ ಅವರಿಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಇದ್ದಿರಬೇಕು, ಲೆಕ್ಕ ಹಾಕು.

ಆಮೇಲೆ ಬಂದದ್ದು ಸೊಂಟ ನೋವಲ್ಲ. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದರು. ಅಮ್ಮ ಟೀ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು, ಟೀ ಆರಿದರೆ ಮತ್ತೆ ಬಿಸಿ ಮಾಡಿ ತರುತ್ತಿದ್ದರು. ಮನೆಗೆ ಬಂದವರಿಗೆಲ್ಲ ಸೊಂಟ ನೋವು ಎಂದು ಹೇಳುವ ಕೆಲಸ ನನ್ನದಾಗಿತ್ತು. ಹೀಗೆ ಏರಿ ಇಳಿದದ್ದನ್ನು ನಾನು ಐದು ಸಲ ಕಂಡಿದ್ದೇನೆ. ನಡುವಿನ ವರ್ಷಗಳಲ್ಲಿ ಅಪ್ಪ ನಿಧಾನಿ, ಒಂದು ಮೊಳೆಯನ್ನೂ ಮರೆಯದವರು. ನೀನು ಹಾಗಲ್ಲ, ನೀನು ಒಳ್ಳೆಯ ದಿನದಲ್ಲೂ ಚಪ್ಪಲಿ ಮರೆಯುವವನು.

ಒಮ್ಮೆ ಅಪ್ಪ ನನ್ನನ್ನು ಹತ್ತಿರ ಕರೆದು, "ಅವನಿಗೆ ಹೇಳ್ಬೇಡಮ್ಮ. ಅವನೊಬ್ಬನಿಗಾದ್ರೂ ನಾನು ದೊಡ್ಡ ಮನುಷ್ಯ ಆಗಿರ್ಲಿ," ಅಂದರು. ಆ ಮಾತು ಉಳಿಸಿಕೊಳ್ಳಲು ಏಪ್ರಿಲ್‌ನಲ್ಲಿ ಡಾಕ್ಟರಮ್ಮನ ಮುಂದೆ ಸುಳ್ಳು ಹೇಳಿದೆ. ನೀನು ಅಲ್ಲೇ ಬಾಗಿಲಾಚೆ ಮಲಗಿದ್ದಾಗ! ಅಪ್ಪನ ಮರ್ಯಾದೆ ಉಳಿಸುತ್ತೇನೆ ಎಂದುಕೊಂಡು ಅಪ್ಪನ ಮಗನನ್ನೇ ಕತ್ತಲಲ್ಲಿ ಬಿಟ್ಟೆ.

ಇನ್ನು ನಿನ್ನ ವಿಷಯ. ಹದಿನೇಳನೆಯ ವಯಸ್ಸಿನಿಂದ ನೀನು ನನಗೆ ಬರೆದ ಇನ್ನೂರ ಹದಿನಾಲ್ಕು ಕಾಗದ ನನ್ನ ಬಳಿ ಇವೆ. ಹೋದ ಭಾನುವಾರ ಅವನ್ನೆಲ್ಲ ತಾರೀಖಿನ ಪ್ರಕಾರ ಕೋಣೆಯ ನೆಲದ ಮೇಲೆ ಸಾಲಾಗಿ ಜೋಡಿಸಿದೆ, ಕಾಲಿಡಲು ಜಾಗವಿರಲಿಲ್ಲ. ಯಾವ ವರ್ಷದ್ದನ್ನು ತೆಗೆದರೂ ಮೂರು ವಿಷಯ ಶುರು ಮಾಡಿ ಎರಡನ್ನು ಬಿಟ್ಟಿದ್ದೀಯ, "ಇನ್ನೊಂದು ಹೇಳಬೇಕಿತ್ತು, ಮರೆತೆ" ಎಂದು ಮುಗಿಸಿದ್ದೀಯ. ಅದರಲ್ಲಿ ಇಪ್ಪತ್ತೆರಡು ವರ್ಷಕ್ಕೂ ಬದಲಾವಣೆ ಇಲ್ಲ. ಆದರೆ ನಿನಗೆ ಇಪ್ಪತ್ತಮೂರು ಇದ್ದಾಗ ಹತ್ತು ದಿನದಲ್ಲಿ ಹದಿನೆಂಟು ಕಾಗದ ಬಂದಿವೆ, ಆಮೇಲೆ ನಾಲ್ಕು ತಿಂಗಳು ಒಂದೂ ಇಲ್ಲ. ಮೂವತ್ತೊಂದರಲ್ಲಿ ಮತ್ತೆ ಹಾಗೇ. ಆಗ ನಾನು, ಹುಡುಗ ಎಲ್ಲೋ ಪ್ರೀತಿಯಲ್ಲಿ ಬಿದ್ದಿದ್ದಾನೆ, ಇನ್ನೊಮ್ಮೆ ಮಗು ಹುಟ್ಟಿದ ಗಡಿಬಿಡಿ ಎಂದುಕೊಂಡು ಸುಮ್ಮನಾಗಿದ್ದೆ. ನೆಲದ ಮೇಲೆ ಆ ಎರಡು ಖಾಲಿ ಜಾಗ ನೋಡಿ ಅಲ್ಲೇ ಕೂತು ಅತ್ತೆ.

ಎಲ್ಲವನ್ನೂ ಕಟ್ಟಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಇದನ್ನೂ ಸೇರಿಸಿ ಡಾಕ್ಟರಮ್ಮನಿಗೆ ಕೊಡು.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಅಪ್ಪನ ಬಗ್ಗೆ ಮಾತ್ರ ಒಂದು ತಿಳಿದುಕೋ. ಹೆಸರು ಗೊತ್ತಿಲ್ಲದ ಕಾಯಿಲೆ, ಒಂದು ಮಾತ್ರೆಯಿಲ್ಲ, ಹೇಳಿಕೊಳ್ಳಲು ಒಬ್ಬರಿಲ್ಲ. ಆದರೂ ಐದು ಸಲವೂ ಆ ಗೋಡೆ ಬಿಟ್ಟು ಎದ್ದು, ಗಡ್ಡ ಹೆರೆದು, ಕೆಲಸಕ್ಕೆ ಹೋದರು. ನಾನು ಕಂಡ ಧೈರ್ಯಗಳಲ್ಲಿ ಅದು ದೊಡ್ಡದು.

ಅಕ್ಕ


೧೯ ಜುಲೈ

ಅಕ್ಕ,

ಸಿಟ್ಟು ಬಂತು. ಬರದೆ ಇರುತ್ತದಾ? ಮೂವತ್ತು ವರ್ಷಕ್ಕೂ ಮೇಲೆ ಆ ಎರಡು ಬೆರಳನ್ನು ನಾನು ತಲೆಯ ಮೇಲೆ ಹೊತ್ತು ಮೆರೆಸಿದ್ದೇನೆ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ದಿನ ನಾನು ಹೇಳುತ್ತಿದ್ದದ್ದು ಅದೇ. ನಿನ್ನ ಕಾಗದ ಓದಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಹೆಂಡತಿಗೆ ಓದಿ ಹೇಳಿದೆ. ಅವಳು, "ನೀವು ಗೋಡೆ ಕಡೆ ಮುಖ ಮಾಡಿ ಮಲಗಿದಾಗ, ಇದು ಯಾರ ಮನೇಲೂ ಆಗಿಲ್ಲ, ನಮಗೊಬ್ಬರಿಗೇ ಬಂತು ಅಂದ್ಕೊಂಡಿದ್ದೆ. ನಿಮ್ಮ ಅಮ್ಮನೂ ಹೀಗೇ ನಿಂತಿದ್ರಾ?" ಅಂದಳು. ಅವಳ ಮುಖದಲ್ಲಿ ಒಂದು ಬಗೆಯ ನಿರಾಳ ಇತ್ತು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಡಾಕ್ಟರಮ್ಮ ಇನ್ನೂರ ಹದಿನಾಲ್ಕನ್ನೂ ಓದಿದ್ದಾರೆ, ಮಾರಾಯ್ತಿ! ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಬರೆದ ಪ್ರೇಮ ಪುರಾಣವನ್ನೂ. ಕಳಿಸುವ ಮೊದಲು ನಾಲ್ಕನ್ನಾದರೂ ತೆಗೆದಿಡಬಾರದಿತ್ತಾ? ಅವರು ಮೊದಲ ಡಾಕ್ಟರಿಗೆ ಫೋನ್ ಮಾಡಿ, ಇಬ್ಬರೂ ಕೂತು ತೀರ್ಮಾನಕ್ಕೆ ಬಂದರು. ನನಗೆ ಎರಡೂ ಇವೆ. ಒಂದು ಚಿಕ್ಕಂದಿನಿಂದ ಬಿಡದೆ ಇರುವುದು, ಇನ್ನೊಂದು ಬಂದು ಹೋಗುವುದು. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರ ಹಾಗೆ, ದೂರದಿಂದ ನೋಡಿದವರಿಗೆ ಒಬ್ಬನೇ ಕಾಣುತ್ತಾನೆ. ಈಗ ಮೊದಲು ಏರಿಳಿತಕ್ಕೆ ಮಾತ್ರೆ, ಅದು ಸ್ಥಿರವಾದ ಮೇಲೆ ಗಮನಕ್ಕೆ, ಆಗಾಗ ರಕ್ತ ಪರೀಕ್ಷೆ. ಹಿಂದೆ ಬ್ರೇಕ್ ನೋಡದೆ ಮೋಟರಿಗೆ ಶಕ್ತಿ ಕೊಟ್ಟ ಹಾಗಾಗಿತ್ತು.

ನಗಿಸುವವನು ನಾನೋ ಕಾಯಿಲೆಯೋ ಎಂದೂ ಕೇಳಿದೆ. "ನೀವು ಚೆನ್ನಾಗಿದ್ದ ವರ್ಷಗಳ ಕಾಗದ ಓದಿಯೇ ನಾನು ಹೆಚ್ಚು ನಕ್ಕಿದ್ದು," ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ನಿನ್ನ ತಮ್ಮ


೧ ಆಗಸ್ಟ್

ಪಾದರಸವೇ,

ಅರ್ಧ ಸಿಟ್ಟು ಉಳಿದಿದೆಯಲ್ಲ, ಅದನ್ನು ಜೋಪಾನವಾಗಿ ಇಟ್ಟುಕೋ. ನಾನು ಬಂದಾಗ ಕೂತು ತೀರಿಸಿಕೊಳ್ಳೋಣ. ಪ್ರೇಮ ಪುರಾಣ ಬೇಕೆಂದೇ ಕಳಿಸಿದೆ.

ಅಕ್ಕ


೨೩ ನವೆಂಬರ್

ಅಕ್ಕಾ,

ಅಕ್ಟೋಬರ್ ಎರಡನೆಯ ವಾರ ಕಂಪನಿಯ ಡಾಕ್ಟರ್ ಸಹಿ ಹಾಕಿದರು, ಬೀಗದ ಕೈ ಸಿಕ್ಕಿತು ಎಂದು ಫೋನಿನಲ್ಲಿ ಕಿರುಚಿದ್ದೆನಲ್ಲ. ಅದಕ್ಕಿಂತ ದೊಡ್ಡ ವಿಷಯ ಈಗ ಬರೆಯುತ್ತಿದ್ದೇನೆ, ಫೋನಿನಲ್ಲಿ ಹೇಳುವಂಥದ್ದಲ್ಲ.

ಈ ತಿಂಗಳು ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಉಕ್ಕಿನ ಹಗ್ಗಗಳನ್ನೆಲ್ಲ ಬದಲಾಯಿಸುವ ಕೆಲಸ ಬಂತು. ಅಂಥದ್ದು ನಾಲ್ಕೈದು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಸೂಪರ್‌ವೈಸರ್ ನನ್ನನ್ನೇ ಮುಂದಾಳು ಮಾಡಿದರು. ಏಪ್ರಿಲ್‌ನಲ್ಲಿ ನನ್ನನ್ನು ನೋಡಿದ ಜನರ ಮುಂದೆಯೇ ಮೇಲೆ ನಿಂತು ಮಾಡಬೇಕು. ಒಂದು ವಾರ ಅದೇ ಧ್ಯಾನ.

ಸೋಮವಾರ ಸರಿಯಾಗಿ ನಿದ್ದೆ ಬರಲಿಲ್ಲ. ಮಂಗಳವಾರ ನಾಲ್ಕು ಗಂಟೆಗೆ ಎದ್ದೆ. ದಣಿವಿಲ್ಲ. ಕಿಟಕಿಯಾಚೆಯ ಬೀದಿ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ತಲೆಯಲ್ಲಿ ಹಗ್ಗ ಬದಲಾಯಿಸುವ ಹೊಸ ವಿಧಾನ ಒಂದಲ್ಲ, ನಾಲ್ಕು. ಸ್ಪ್ಯಾನರ್ ಮರೆತರೆ ಅದು ನನ್ನ ಹಳೆಯ ಸಂಗಾತಿ, ಪಟ್ಟಿ ಬರೆದುಕೊಂಡು ನಿಭಾಯಿಸುತ್ತೇನೆ. ನಿದ್ದೆಯೇ ಬೇಡ ಅನಿಸಿದರೆ ಇನ್ನೊಬ್ಬ ಬಂದಿದ್ದಾನೆ. ಇಷ್ಟು ತಿಂಗಳಲ್ಲಿ ಡಾಕ್ಟರಮ್ಮ ನನಗೆ ಕಲಿಸಿದ್ದು ಅದೊಂದೇ. ಆದರೆ ಅಕ್ಕ, ಅವನು ಎಷ್ಟು ಚೆನ್ನಾಗಿರುತ್ತಾನೆ ಗೊತ್ತಾ! ಸುಮ್ಮನಿರು, ಇವತ್ತೊಂದು ದಿನ ಸುಮ್ಮನಿರು ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು. ಬಾಯಿ ಬಿಟ್ಟರೆ ಬೀಗದ ಕೈ ಮತ್ತೆ ಹೋಗುತ್ತದೆ, ಈ ಸಲ ವಾಪಸ್ ಬರುವುದಿಲ್ಲ ಎಂದೂ ಅನಿಸುತ್ತಿತ್ತು.

ಎಂಟು ಗಂಟೆಗೆ ಆಫೀಸಿಗೆ ಹೋದೆ. ಜೊತೆಗಾರರೆಲ್ಲ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದರು. ಬೀಗದ ಕೈಗಳನ್ನು ಸೂಪರ್‌ವೈಸರ್ ಮೇಜಿನ ಮೇಲಿಟ್ಟೆ.

"ಸಾರ್, ಇವತ್ತು ನನ್ನನ್ನ ಮೇಲೆ ಕಳಿಸ್ಬೇಡಿ."

"ಯಾಕಪ್ಪಾ, ಹುಷಾರಿಲ್ವಾ?"

"ಜಾಸ್ತಿ ಹುಷಾರಾಗಿದೀನಿ ಸಾರ್. ಅದಕ್ಕೇ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬೀಗದ ಕೈ ಎತ್ತಿ ಡ್ರಾಯರಿಗೆ ಹಾಕಿ, "ಈ ಡ್ರಾಯರಿಗೆ ಬೀಗ ಹಾಕಲ್ಲ. ಸರಿಹೋದ ದಿನ ನೀನೇ ಬಂದು ತಗೋ. ಈಗ ಡಾಕ್ಟರ ಹತ್ರ ಹೋಗು, ನಿನ್ನ ಹೆಂಡ್ತಿಗೂ ಫೋನ್ ಮಾಡ್ತೀನಿ," ಅಂದರು.

ಮಾತ್ರೆ ಬದಲಾಯಿತು. ಹನ್ನೊಂದು ದಿನ ನೆಲದ ಮೇಲೇ ಇದ್ದೆ. ಮೇಲೆ ನನ್ನ ಜೊತೆಗಾರ ಮುಂದಾಳಾಗಿ ಹಗ್ಗ ಎಳೆಯುತ್ತಿದ್ದ, ನಾನು ಕೆಳಗೆ ಹಳೆಯ ಹಗ್ಗ ಸುತ್ತಿಡುತ್ತಿದ್ದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಆ ಕೆಲಸ ಚೆನ್ನಾಗಿಯೇ ಮುಗಿಸಿದ. ನಿನ್ನೆ ಡಾಕ್ಟರಮ್ಮನ ಚೀಟಿ ತೋರಿಸಿ, ಡ್ರಾಯರ್ ಎಳೆದು ಬೀಗದ ಕೈ ತೆಗೆದುಕೊಂಡೆ. ಮೂರು ಮಹಡಿಯ ಒಂದು ಹಳೆಯ ಕಟ್ಟಡದಲ್ಲಿ ಬಾಗಿಲು ಕಿರುಗುಟ್ಟುತ್ತಿದೆ ಎಂದು ಕಳಿಸಿದರು. ಎಣ್ಣೆ ಬಿಟ್ಟು, ಸಾಮಾನು ಎಣಿಸಿಕೊಂಡು ಬಂದೆ.

ಹದಿನಾಲ್ಕು ಲಿಫ್ಟಿನ ವಾರದಲ್ಲೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ನಿನ್ನ ಪಾದರಸ


೫ ಡಿಸೆಂಬರ್

ನನ್ನ ತಮ್ಮನಿಗೆ,

ನಿನ್ನ ಕಾಗದವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಒಬ್ಬಳೇ ಮೂರು ಸಲ ಓದಿದೆ. ಆ ಮಂಗಳವಾರದ ಬಗ್ಗೆ ನಾನು ಏನು ಬರೆದರೂ ಕಡಿಮೆ. ಎದುರಿಗೆ ಸಿಕ್ಕಾಗ ತಬ್ಬಿಕೊಳ್ಳುತ್ತೇನೆ, ಆಗ ಓಡಿಹೋಗಬೇಡ.

ನನ್ನದೂ ಒಂದು ಸುದ್ದಿ ಇದೆ. ಇಲ್ಲಿ ಟರ್ಬೈನ್ ಹಾಲಿನಲ್ಲಿ ಕೆಲಸ ಮಾಡುವವರಿಗೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ಗುಮಾಸ್ತ ಕೇಳುತ್ತಾ ಹೋಗುತ್ತಾನೆ, ನಾವು ಹೇಳುತ್ತೇವೆ, ಅವನು ಬರೆದುಕೊಳ್ಳುತ್ತಾನೆ. ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ ಎಂದು ಒಂದು ಪ್ರಶ್ನೆ. ಇಪ್ಪತ್ತೆರಡು ವರ್ಷ ಇಲ್ಲ ಎಂದು ಹೇಳಿಕೊಂಡು ಬಂದಿದ್ದೆ. ಇದೆ ಎಂದರೆ ಇನ್ನೆರಡು ಪರೀಕ್ಷೆ, ಹತ್ತು ಜನರ ಕಣ್ಣು, ಬಡ್ತಿಯ ಹೊತ್ತಿನಲ್ಲಿ ಒಂದು ಪಿಸುಮಾತು. ಅದೆಲ್ಲ ನನಗೆ ಗೊತ್ತು.

ನಿನ್ನೆ ನನ್ನ ಸರದಿ. ಅವನು ತಲೆ ಎತ್ತದೆ, ಉತ್ತರ ಗೊತ್ತಿದ್ದವನ ಹಾಗೆ, "ಇಲ್ಲ ಅಂತ ಹಾಕ್ಲಾ ಮೇಡಂ?" ಅಂದ.

"ಇದೆ. ಇಬ್ಬರಿಗೆ," ಅಂದೆ.

ಅವನು ಪೆನ್ನು ಎತ್ತಿ ಹಿಡಿದು ಮೆಲ್ಲಗೆ, "ಇದನ್ನ ಬರೀಲೇಬೇಕಾ ಮೇಡಂ? ಯಾರೂ ಬರೆಸಲ್ಲ," ಅಂದ. ಒಳ್ಳೆಯ ಹುಡುಗ, ನನ್ನ ಒಳಿತಿಗೇ ಹೇಳಿದ.

"ಬರೀರಿ. ಓದೋಕೆ ಬರೋ ಹಾಗೆ ಬರೀರಿ," ಅಂದೆ.

"ಯಾರು ಯಾರು?"

"ನಮ್ಮ ಅಪ್ಪ, ನನ್ನ ತಮ್ಮ."

ಬರೆದುಕೊಂಡ. ಆಮೇಲೆ ಕಾಗದದಲ್ಲಿಲ್ಲದ ಒಂದು ಪ್ರಶ್ನೆಯನ್ನು ತಾನಾಗಿಯೇ ಕೇಳಿದ. "ಈಗ ಹೇಗಿದ್ದಾರೆ ಮೇಡಂ?"

"ಅಪ್ಪ ಇಲ್ಲ," ಅಂದೆ. "ತಮ್ಮ ಕೆಲಸಕ್ಕೆ ಹೋಗಿದ್ದಾನೆ."

ಅಕ್ಕ